ಈಮ್ಯಾಕ್ಸ್ ಶೆಲ್‌ನಲ್ಲಿ ನುಸುಳುವ ಬೇಡದ ಅಕ್ಷರಗಳು: ಮೂಲ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಮೆಟಾ-ಎಕ್ಸ್ ಒತ್ತಿ, ಕಮ್ಯಾಂಡ್‌ಗಳನ್ನು ಓಡಿಸುವ ಶೆಲ್ ತೆರೆದಿರುತ್ತೀರಿ. ಕಮ್ಯಾಂಡ್ ಸರಿಯಾಗಿಯೇ ಓಡುತ್ತದೆ, ಆದರೆ ಉತ್ತರದ ನಡುವೆ ^[[0ಎಮ್, ^[(ಬಿ ಎಂಬಂಥ ಗುರುತುಗಳು ಬರುತ್ತವೆ. ಸಾಲಿನ ತುದಿಗೆ ^ಎಮ್ ಅಂಟಿಕೊಂಡಿರುತ್ತದೆ. ಕನ್ನಡದ ಹೆಸರಿಟ್ಟ ಫೈಲ್ ಇರಬೇಕಾದಲ್ಲಿ \340\262\225 ಎಂಬ ಅಂಕಿಗಳ ಸಾಲು ಕಾಣುತ್ತದೆ. ಇದನ್ನೆಲ್ಲ ಕಸ ಎಂದುಕೊಂಡು ಅಳಿಸಲು ಹೊರಟರೆ ಕೆಲಸ ಮುಗಿಯುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಯಾವುದೋ ಪ್ರೋಗ್ರಾಂ ಟರ್ಮಿನಲ್‌ಗೆ ಕೊಟ್ಟ ಅಪ್ಪಣೆಗಳು. ಪಾಲಿಸಬೇಕಾದವರು ಪಾಲಿಸದೆ ಬಿಟ್ಟದ್ದರಿಂದ ಅವು ಅಕ್ಷರವಾಗಿ ಕಣ್ಣಿಗೆ ಬಿದ್ದಿವೆ. ಕಳಿಸಿದವರು ಯಾರು, ಏಕೆ ಕಳಿಸಿದರು ಎಂದು ತಿಳಿದರೆ ಒಂದೆರಡು ಸಾಲಿನ ಬದಲಾವಣೆಯಲ್ಲಿ ಅವು ಹುಟ್ಟುವ ಜಾಗದಲ್ಲೇ ನಿಲ್ಲುತ್ತವೆ.

ಬರಹದ ರೀತಿಯ ಬಗ್ಗೆ ಒಂದು ಮಾತು. ಕಮ್ಯಾಂಡ್, ವೇರಿಯಬಲ್ ಮತ್ತು ಕೀಲಿಗಳ ಹೆಸರುಗಳನ್ನು ಇಲ್ಲಿ ಓದುವ ಉಚ್ಚಾರಣೆಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ. ಅಡ್ಡಗೆರೆ, ಆವರಣ, ಉದ್ಧರಣ ಚಿಹ್ನೆಗಳು ಇಲ್ಲಿರುವಂತೆಯೇ ಇರಲಿ. ^[[31ಎಮ್ ಎಂದು ಬರೆದಿದ್ದರೆ ಪರದೆಯ ಮೇಲೆ ಕೊನೆಯಲ್ಲಿ ಸಣ್ಣಕ್ಷರದ ಎಮ್ ಕಾಣುತ್ತದೆ ಎಂದರ್ಥ. ಮೆಟಾ ಎಂದರೆ ಬಹುತೇಕ ಕೀಬೋರ್ಡ್‌ಗಳಲ್ಲಿ ಆಲ್ಟ್ ಕೀಲಿ.

ಮೊದಲು ಕರ್ಸರ್ ಪರೀಕ್ಷೆ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಕರ್ಸರನ್ನು ಆ ವಿಚಿತ್ರ ಗುರುತಿನ ಎದುರಿಗೆ ತಂದು ಬಲಬಾಣದ ಕೀಲಿಯನ್ನು ಒಂದು ಸಲ ಒತ್ತಿ. ^[ ಎಂಬ ಜೋಡಿಯನ್ನು ಕರ್ಸರ್ ಒಂದೇ ನೆಗೆತಕ್ಕೆ ದಾಟಿದರೆ ಅದು ನಿಜವಾದ ನಿಯಂತ್ರಣಾಕ್ಷರ. ಕಣ್ಣಿಗೆ ಎರಡು ಗುರುತು ಕಂಡರೂ ಬಫರ್‌ನಲ್ಲಿ, ಅಂದರೆ ಈಮ್ಯಾಕ್ಸ್ ಪಠ್ಯ ಇಟ್ಟುಕೊಳ್ಳುವ ಜಾಗದಲ್ಲಿ, ಇರುವುದು ಒಂದೇ ಅಕ್ಷರ, ಎಸ್ಕೇಪ್. ಈಮ್ಯಾಕ್ಸ್ ಅದನ್ನು ಸುತ್ತಲಿನ ಪಠ್ಯಕ್ಕಿಂತ ಬೇರೆ ಬಣ್ಣದಲ್ಲಿ ತೋರಿಸುವುದೂ ಇದಕ್ಕಾಗಿಯೇ. ದಾಟಲು ಎರಡು ಸಲ ಒತ್ತಬೇಕಾಯಿತೇ? ಹಾಗಾದರೆ ಯಾವುದೋ ಪ್ರೋಗ್ರಾಂ ಈಗಾಗಲೇ ಅದನ್ನು ಬರಿಯ ಅಕ್ಷರಗಳಾಗಿ ಮುದ್ರಿಸಿದೆ. ಈಮ್ಯಾಕ್ಸ್‌ನ ಯಾವ ಸೆಟ್ಟಿಂಗೂ ಅದನ್ನು ಬದಲಿಸದು. \340 ವಿಷಯದಲ್ಲೂ ಇದೇ ನಿಯಮ: ಒಂದೇ ನೆಗೆತವಾದರೆ ಡಿಕೋಡ್ ಆಗದೆ ಉಳಿದ ಬೈಟ್, ನಾಲ್ಕು ನೆಗೆತವಾದರೆ ಪ್ರೋಗ್ರಾಂ ಬರೆದ ನಾಲ್ಕು ಬಿಡಿ ಅಕ್ಷರ.

ಖಚಿತವಾಗಿ ತಿಳಿಯಬೇಕೆಂದರೆ ಕರ್ಸರ್ ಅಲ್ಲಿರುವಾಗ ಕಂಟ್ರೋಲ್-ಎಕ್ಸ್ ಒತ್ತಿ, ನಂತರ = ಒತ್ತಿ. ಕೆಳಗಿನ ಸಾಲಿನಲ್ಲಿ ಆ ಅಕ್ಷರದ ಸಂಖ್ಯೆ ದಶಮಾನ, ಅಷ್ಟಮಾನ, ಷೋಡಶಮಾನ ಮೂರರಲ್ಲೂ ಬರುತ್ತದೆ. 27 ಬಂದರೆ ಎಸ್ಕೇಪ್, 13 ಬಂದರೆ ಕ್ಯಾರಿಯೇಜ್ ರಿಟರ್ನ್, 7 ಬಂದರೆ ಗಂಟೆ, 8 ಬಂದರೆ ಬ್ಯಾಕ್‌ಸ್ಪೇಸ್, 0 ಬಂದರೆ ಶೂನ್ಯಾಕ್ಷರ. ಇನ್ನಷ್ಟು ವಿವರ ಬೇಕಿದ್ದರೆ ಮೊದಲು ಕಂಟ್ರೋಲ್-ಯು ಒತ್ತಿ ಅದೇ ಕೀಲಿಗಳನ್ನು ಒತ್ತಿ. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ದಾರಿಯನ್ನು ಅದೇ ತೋರಿಸುತ್ತದೆ.

ಇವು ಏಕೆ ಬರುತ್ತವೆ

ಈಮ್ಯಾಕ್ಸ್‌ನ ಶೆಲ್ ಬಫರ್ ಟರ್ಮಿನಲ್ ಅಲ್ಲ. ಕಾಮಿಂಟ್ ಎಂಬ ಮೋಡ್ ಶೆಲ್ಲನ್ನು ಒಳಗೆ ಓಡಿಸಿ, ಬಂದ ಪಠ್ಯವನ್ನು ಬಫರ್‌ನ ಕೊನೆಗೆ ಸೇರಿಸುತ್ತ ಹೋಗುತ್ತದೆ. ಕರ್ಸರನ್ನು ಮೇಲಕ್ಕೆ ಒಯ್ಯುವುದು, ಪರದೆ ಒರೆಸುವುದು, ಕಿಟಕಿಯ ಶೀರ್ಷಿಕೆ ಬದಲಿಸುವುದು ಅದರ ಕೆಲಸವಲ್ಲ. ಅದಕ್ಕೇ ಅದು ಶೆಲ್‌ಗೆ ಟರ್ಮ್ ಎಂಬ ಪರಿಸರ ವೇರಿಯಬಲ್‌ನಲ್ಲಿ ಡಂಬ್ ಎಂಬ ಬೆಲೆ ಕೊಟ್ಟು, ತಾನು ಮೂಗ ಟರ್ಮಿನಲ್ ಎಂದು ಮೊದಲೇ ಹೇಳಿಬಿಡುತ್ತದೆ.

ಆದರೆ ಇನ್ನೊಂದು ಕಡೆಯಿಂದ ಪ್ರೋಗ್ರಾಂಗೆ ಬೇರೆಯೇ ಸುದ್ದಿ ತಲುಪುತ್ತದೆ. ಶೆಲ್ಲನ್ನು ಓಡಿಸಲು ಈಮ್ಯಾಕ್ಸ್ ಸಾಮಾನ್ಯವಾಗಿ ಹುಸಿ ಟರ್ಮಿನಲ್ ಸಾಧನವನ್ನು ಬಳಸುತ್ತದೆ. ‘ನನ್ನ ಔಟ್‌ಪುಟ್ ಹೋಗುತ್ತಿರುವುದು ಟರ್ಮಿನಲ್‌ಗೋ, ಇನ್ನೊಂದು ಪ್ರೋಗ್ರಾಂಗೆ ದಾಟಿಸುವ ಪೈಪ್‌ಗೋ’ ಎಂದು ಪ್ರೋಗ್ರಾಂ ಕೇಳಿದರೆ ‘ಟರ್ಮಿನಲ್‌ಗೆ’ ಎಂಬ ಉತ್ತರ ಸಿಗುತ್ತದೆ. ಅಚ್ಚುಕಟ್ಟಾದ ಪ್ರೋಗ್ರಾಂ ಟರ್ಮ್ ವೇರಿಯಬಲ್ಲನ್ನೂ ನೋಡಿ ಸುಮ್ಮನಾಗುತ್ತದೆ. ಹಲವು ಪ್ರೋಗ್ರಾಂಗಳು ಮೊದಲ ಉತ್ತರ ಸಿಕ್ಕಿದ ಕೂಡಲೇ ಬಣ್ಣದ ಸಂಕೇತಗಳನ್ನು ಸುರಿಯುತ್ತವೆ.

ಆ ಸಂಕೇತಗಳ ವ್ಯಾಕರಣ ಹಳೆಯದು. ಇಸಿಎಂಎ-48 ಎಂಬ ಮಾನದಂಡದ ಮೊದಲ ಆವೃತ್ತಿ 1976ರದು. 1978ರಲ್ಲಿ ಬಂದ ವಿಟಿ100 ಟರ್ಮಿನಲ್ ಅದನ್ನು ಎಲ್ಲೆಡೆ ಬಳಕೆಗೆ ತಂದಿತು. ಎಸ್ಕೇಪ್, ನಂತರ ಎಡ ಚೌಕಾವರಣ, ನಂತರ ಅರ್ಧವಿರಾಮದಿಂದ ಬೇರ್ಪಟ್ಟ ಅಂಕಿಗಳು, ಕೊನೆಗೆ ಒಂದು ಅಕ್ಷರ: ಇದು ಅದರ ಮುಖ್ಯ ವಾಕ್ಯರಚನೆ. ಕೊನೆಯ ಅಕ್ಷರ ಎಮ್ ಆದರೆ ಬಣ್ಣ ಅಥವಾ ದಪ್ಪ. 0 ಎಂದರೆ ಎಲ್ಲವನ್ನೂ ಮೊದಲಿನಂತೆ ಮಾಡು, 1 ಎಂದರೆ ದಪ್ಪ, 31 ಎಂದರೆ ಕೆಂಪು. ದೊಡ್ಡಕ್ಷರದ ಕೆ ಆದರೆ ಸಾಲು ಒರೆಸು, ದೊಡ್ಡಕ್ಷರದ ಎ ಆದರೆ ಕರ್ಸರ್ ಮೇಲಕ್ಕೆ ಒಯ್ಯಿ.

ತಪ್ಪು ಯಾವ ಕಡೆ ಇದೆ ಎಂದು ಎರಡು ಪ್ರಯೋಗದಲ್ಲಿ ತಿಳಿಯಿರಿ

1. ಈಮ್ಯಾಕ್ಸನ್ನು -ಕ್ಯೂ ಆಯ್ಕೆಯೊಂದಿಗೆ, ದೊಡ್ಡಕ್ಷರದ ಕ್ಯೂ, ಹೊಸದಾಗಿ ತೆರೆದು ಅಲ್ಲಿ ಶೆಲ್ ಓಡಿಸಿ. ಆಗ ನಿಮ್ಮ ಇನಿಟ್ ಫೈಲ್, ಅಂದರೆ ಈಮ್ಯಾಕ್ಸ್ ಆರಂಭದಲ್ಲಿ ಓದುವ ಸೆಟ್ಟಿಂಗ್ ಫೈಲ್, ಓದಿಸಿಕೊಳ್ಳುವುದಿಲ್ಲ. ತೊಂದರೆ ಮಾಯವಾದರೆ ತಪ್ಪು ಇನಿಟ್ ಫೈಲ್‌ನಲ್ಲಿದೆ.

2. ಹಾಗಾಗದಿದ್ದರೆ ಶೆಲ್ ಬಫರ್‌ನಲ್ಲೇ ಬ್ಯಾಶ್ --ನೋಆರ್‌ಸಿ --ನೋಪ್ರೊಫೈಲ್ --ನೋಎಡಿಟಿಂಗ್ ಎಂದು ಕೊಡಿ. ಈಗ ಪ್ರಾಂಪ್ಟ್ (ಕಮ್ಯಾಂಡ್‌ಗಾಗಿ ಕಾಯುವಾಗ ಶೆಲ್ ತೋರಿಸುವ ಗುರುತು) ಸ್ವಚ್ಛವಾದರೆ ತಪ್ಪು ಬ್ಯಾಶ್ ಶೆಲ್ ಆರಂಭದಲ್ಲಿ ಓದುವ .ಬ್ಯಾಶ್‌ಆರ್‌ಸಿ ಅಥವಾ ಪ್ರೊಫೈಲ್ ಫೈಲ್‌ನದು. ಪ್ರಾಂಪ್ಟ್ ಸ್ವಚ್ಛವಿದ್ದು ಒಂದು ಕಮ್ಯಾಂಡ್‌ನ ಉತ್ತರ ಮಾತ್ರ ಕೆಟ್ಟಿದ್ದರೆ ಆ ಕಮ್ಯಾಂಡ್‌ನದು. ಒಂದು ಎಚ್ಚರ: ಹೊರಗಿನ ಶೆಲ್ ಎಕ್ಸ್‌ಪೋರ್ಟ್ ಮಾಡಿದ ವೇರಿಯಬಲ್‌ಗಳು ಈ ಒಳಗಿನ ಬ್ಯಾಶ್‌ಗೂ ಬರುತ್ತವೆ, ಆದ್ದರಿಂದ ಪರೀಕ್ಷೆಗೆ ಮೊದಲು ಟರ್ಮ್‌ಗೆ ಡಂಬ್ ಬೆಲೆ ಕೊಟ್ಟುಕೊಳ್ಳಿ.

ಸಂಕೇತವನ್ನು ಬೈಟ್ ಬೈಟ್ ಆಗಿ ನೋಡಲು ಒಡಿ -ಸಿ ಕಮ್ಯಾಂಡ್‌ಗೆ ಪೈಪ್ ಮಾಡುವುದು ಒಳ್ಳೆಯ ಅಭ್ಯಾಸ. ಎಸ್ಕೇಪ್ ಅಲ್ಲಿ 033 ಎಂದು ಕಾಣುತ್ತದೆ. ಆದರೆ ಪೈಪ್ ಎಂದು ತಿಳಿದ ಕೂಡಲೇ ಬಹಳಷ್ಟು ಪ್ರೋಗ್ರಾಂಗಳು ಬಣ್ಣ ನಿಲ್ಲಿಸುತ್ತವೆ. ‘ಪೈಪ್‌ನಲ್ಲಿ ಏನೂ ಇಲ್ಲವಲ್ಲ’ ಎಂದು ದಾರಿ ತಪ್ಪದಿರಲು --ಕಲರ್=ಆಲ್ವೇಸ್ ಎಂಬ ಆಯ್ಕೆ ಸೇರಿಸಿ ಪರೀಕ್ಷಿಸಿ. ಪೈಪ್‌ಗೂ ಬಣ್ಣ ಬರುತ್ತಿದ್ದರೆ ಆಗಲೇ ತಪ್ಪಿತಸ್ಥ ಸಿಕ್ಕಂತೆ: ಎಲ್ಲೋ ಒಂದು ಏಲಿಯಾಸ್‌ನಲ್ಲಿ (ಕಮ್ಯಾಂಡ್‌ಗೆ ಇಟ್ಟ ಅಡ್ಡಹೆಸರು) ಆಲ್ವೇಸ್ ಎಂದು ಬರೆದಿದೆ. ಅದನ್ನು ಆಟೋ ಎಂದು ಬದಲಿಸಿ. ಆಲ್ವೇಸ್ ಇದ್ದರೆ ಈಮ್ಯಾಕ್ಸ್ ಮಾತ್ರವಲ್ಲ, ಔಟ್‌ಪುಟ್ಟನ್ನು ಫೈಲ್‌ಗೆ ಬರೆಯುವ ಸ್ಕ್ರಿಪ್ಟ್‌ಗಳೂ ಕೆಡುತ್ತವೆ.

ಎಸ್ಕೇಪ್ ಸಂಕೇತಗಳು, ಬೇರಿನಿಂದಲೇ

ಶೆಲ್ ಬಫರ್‌ನಲ್ಲಿ ಎಕೋ $ಟರ್ಮ್ ಎಂದು ಕೊಡಿ; ಟರ್ಮ್ ಪೂರ್ತಿ ದೊಡ್ಡಕ್ಷರದಲ್ಲಿರಲಿ. ಉತ್ತರ ಡಂಬ್ ಎಂದೇ ಬರಬೇಕು. ಎಕ್ಸ್‌ಟರ್ಮ್-256ಕಲರ್ ಎಂದು ಬಂದರೆ ನಿಮ್ಮ .ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಯಾರೋ ಬಣ್ಣದ ಆಸೆಗೆ ಎಕ್ಸ್‌ಪೋರ್ಟ್ ಟರ್ಮ್ ಎಂಬ ಸಾಲು ಸೇರಿಸಿದ್ದಾರೆ. ಅದನ್ನು ತೆಗೆಯಿರಿ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಟರ್ಮ್ ಎಂಬುದು ಟರ್ಮಿನಲ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು. ಶೆಲ್‌ನ ಆರಂಭದ ಫೈಲ್ ಅದನ್ನು ತಿದ್ದಿದರೆ ಆ ಮಾತು ಸುಳ್ಳಾಗುತ್ತದೆ, ನಂಬಿದ ಪ್ರತಿ ಪ್ರೋಗ್ರಾಂ ತಪ್ಪು ಸಂಕೇತ ಕಳಿಸುತ್ತದೆ. ಬಣ್ಣ ಬೇಕೆಂದರೆ ಟರ್ಮಿನಲ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಬದಲಿಸಬೇಕು.

ಇನ್ನು ಪ್ರಾಂಪ್ಟ್. ಬಣ್ಣವನ್ನು \ಇ[32ಎಮ್ ಎಂದು ನೇರವಾಗಿ ಬರೆದ ಪ್ರಾಂಪ್ಟ್ ಯಾವ ಟರ್ಮಿನಲ್ ಎಂದು ಕೇಳುವುದಿಲ್ಲ, ಎಲ್ಲೆಡೆ ಅದನ್ನೇ ಕಳಿಸುತ್ತದೆ. ಅದರ ಬದಲು ಟಿಪುಟ್ ಕಮ್ಯಾಂಡ್‌ನಿಂದ ಬಣ್ಣ ಕೇಳಿ ಪಡೆದರೆ ಡಂಬ್ ಟರ್ಮಿನಲ್‌ನಲ್ಲಿ ಅದು ಏನನ್ನೂ ಕೊಡುವುದಿಲ್ಲ, ಪ್ರಾಂಪ್ಟ್ ತಾನಾಗಿ ಸರಳವಾಗುತ್ತದೆ. ಇದಕ್ಕಿಂತ ನೇರವಾದ ದಾರಿಯೆಂದರೆ .ಬ್ಯಾಶ್‌ಆರ್‌ಸಿ ಕೊನೆಯಲ್ಲಿ ಒಂದು ಷರತ್ತು:

ಇಫ್ [ "$ಟರ್ಮ್" = ಡಂಬ್ ]; ದೆನ್
ಪಿಎಸ್1='\ಡಬ್ಲ್ಯೂ \$ '
ಅನ್‌ಸೆಟ್ ಪ್ರಾಂಪ್ಟ್_ಕಮ್ಯಾಂಡ್
ಎಕ್ಸ್‌ಪೋರ್ಟ್ ಪೇಜರ್=ಕ್ಯಾಟ್ ಗಿಟ್_ಪೇಜರ್=ಕ್ಯಾಟ್
ಫೈ

ವೇರಿಯಬಲ್‌ಗಳ ಹೆಸರು ದೊಡ್ಡಕ್ಷರದಲ್ಲಿ, ಉಳಿದದ್ದು ಸಣ್ಣಕ್ಷರದಲ್ಲಿ. ಮೂರನೆಯ ಸಾಲು ಕಿಟಕಿಯ ಶೀರ್ಷಿಕೆ ಬದಲಿಸುವ ಸಂಕೇತವನ್ನು ತಡೆಯಲು. ನಾಲ್ಕನೆಯದು ಉದ್ದ ಪಠ್ಯವನ್ನು ಪುಟಪುಟವಾಗಿ ತೋರಿಸುವ ಲೆಸ್ ಎಂಬ ಪೇಜರ್‌ಗಾಗಿ. ಮೂಗ ಟರ್ಮಿನಲ್‌ನಲ್ಲಿ ಅದು ‘ಟರ್ಮಿನಲ್ ಪೂರ್ಣ ಕೆಲಸ ಮಾಡುತ್ತಿಲ್ಲ’ ಎಂಬ ಅರ್ಥದ ಎಚ್ಚರಿಕೆ ಕೊಟ್ಟು ಎಂಟರ್‌ಗಾಗಿ ಕಾಯುತ್ತ ನಿಲ್ಲುತ್ತದೆ. ಈಮ್ಯಾಕ್ಸ್ ಬಫರ್ ತಾನೇ ಹಿಂದೆ ಮುಂದೆ ಸರಿಯುವುದರಿಂದ ಪೇಜರ್ ಅಲ್ಲಿ ಅನಗತ್ಯ.

ಝಡ್-ಶೆಲ್ ಬಳಸುವವರಿಗೆ ಇನ್ನೆರಡು ತೊಂದರೆ. ಪ್ರಾಂಪ್ಟ್‌ಗೆ ಮುಂಚೆ ಒಂದು % ಚಿಹ್ನೆ, ಅದರ ಹಿಂದೆ ಸಾಲು ತುಂಬ ಖಾಲಿ ಜಾಗ ಬರುವುದುಂಟು. ಇದು ಪ್ರಾಂಪ್ಟ್_ಎಸ್‌ಪಿ ಎಂಬ ಆಯ್ಕೆಯ ಫಲ. ಇನ್ನೊಂದು, ಅದರ ಸಾಲು ತಿದ್ದುವ ಭಾಗವಾದ ಝಡ್ಎಲ್ಇ ಕಾಮಿಂಟ್ ಜೊತೆ ಜಗಳವಾಡುವುದು. .ಝಡ್‌ಎಸ್‌ಎಚ್‌ಆರ್‌ಸಿ ಫೈಲ್‌ನಲ್ಲಿ ಅದೇ ಷರತ್ತಿನೊಳಗೆ ಅನ್‌ಸೆಟ್‌ಆಪ್ಟ್ ಝಡ್ಎಲ್ಇ ಪ್ರಾಂಪ್ಟ್_ಎಸ್‌ಪಿ ಎಂದು ಕೊಟ್ಟು ಪ್ರಾಂಪ್ಟನ್ನು ‘$ ’ ಎಂದಷ್ಟೇ ಇಡಿ. ಇದನ್ನು ಸರಿಪಡಿಸುವುದು ಅಂದಕ್ಕಾಗಿ ಮಾತ್ರವಲ್ಲ. ದೂರದ ಯಂತ್ರದ ಫೈಲ್ ತೆರೆಯುವ ಟ್ರ್ಯಾಂಪ್ ಕೂಡ ಪ್ರಾಂಪ್ಟ್ ಗುರುತಿಸಿಯೇ ಮುಂದುವರಿಯುವುದು. ಅಲಂಕಾರದ ಪ್ರಾಂಪ್ಟ್ ಎದುರಾದರೆ ಅದು ಸುಮ್ಮನೆ ಕಾಯುತ್ತ ಕೂರುತ್ತದೆ, ಬಳಕೆದಾರರು ನೆಟ್‌ವರ್ಕನ್ನು ಅನುಮಾನಿಸುತ್ತಾರೆ.

ಈಮ್ಯಾಕ್ಸ್ ಕಡೆಗೆ ಬಂದರೆ, ಈಗಿನ ಆವೃತ್ತಿಗಳು ಬಣ್ಣದ ಸಂಕೇತಗಳನ್ನು ತಾವೇ ಬಣ್ಣವಾಗಿ ಮಾರ್ಪಡಿಸುತ್ತವೆ. ಹಾಗಿದ್ದೂ ^[[31ಎಮ್ ಕಾಣುತ್ತಿದ್ದರೆ ಇನಿಟ್ ಫೈಲ್‌ನಲ್ಲಿ ಆನ್ಸಿ-ಕಲರ್-ಫಾರ್-ಕಾಮಿಂಟ್-ಮೋಡ್ ವೇರಿಯಬಲ್‌ಗೆ ನಿಲ್ (‘ಇಲ್ಲ’ ಎಂಬ ಬೆಲೆ) ಕೊಟ್ಟಿದೆಯೇ, ಅಥವಾ ಕಾಮಿಂಟ್-ಔಟ್‌ಪುಟ್-ಫಿಲ್ಟರ್-ಫಂಕ್ಷನ್ಸ್ ಪಟ್ಟಿಯನ್ನೇ ಸೆಟ್‌ಕ್ಯೂನಿಂದ ಒರೆಸಿ ಹೊಸದು ಬರೆದಿದೆಯೇ ನೋಡಿ. ಎರಡನೆಯದು ಹೆಚ್ಚು ಕಾಣುವ ತಪ್ಪು. ಪಟ್ಟಿಗೆ ಸೇರಿಸಲು ಯಾವಾಗಲೂ ಆಡ್-ಹುಕ್ ಬಳಸಬೇಕು. ತಕ್ಷಣದ ಪರಿಹಾರಕ್ಕೆ ಮೆಟಾ-ಎಕ್ಸ್ ಆನ್ಸಿ-ಕಲರ್-ಫಾರ್-ಕಾಮಿಂಟ್-ಮೋಡ್-ಆನ್. ಬಣ್ಣವೇ ಬೇಡ, ಸಂಕೇತಗಳು ಮಾಯವಾದರೆ ಸಾಕು ಎನ್ನುವವರು ಕೊನೆಯಲ್ಲಿ ಆನ್ ಬದಲು ಫಿಲ್ಟರ್ ಎಂದು ಕೊಡಬಹುದು.

ಇಷ್ಟು ಮಾಡಿಯೂ ಉಳಿಯುವ ಎರಡು ಹಟಮಾರಿಗಳಿವೆ. ಒಂದು ^[(ಬಿ. ಎಕ್ಸ್‌ಟರ್ಮ್ ವಿವರಣೆಯ ಪ್ರಕಾರ ‘ಅಲಂಕಾರವನ್ನೆಲ್ಲ ತೆಗೆ’ ಎಂಬ ಅಪ್ಪಣೆಯಲ್ಲಿ ಎರಡು ತುಂಡುಗಳಿವೆ: ಮೊದಲನೆಯದು ಸಾಮಾನ್ಯ ಅಕ್ಷರಮಾಲೆಗೆ ಹಿಂತಿರುಗಿಸುವ ^[(ಬಿ, ಎರಡನೆಯದು ಬಣ್ಣ ತೆಗೆಯುವ ^[[ಎಮ್. ಈಮ್ಯಾಕ್ಸ್‌ನ ಬಣ್ಣದ ಫಿಲ್ಟರ್ ಚೌಕಾವರಣದಿಂದ ಆರಂಭವಾಗುವ ಸಂಕೇತಗಳನ್ನಷ್ಟೇ ಬಲ್ಲದು, ಹಾಗಾಗಿ ದುಂಡಾವರಣದ್ದು ಬಫರ್‌ನಲ್ಲೇ ಉಳಿಯುತ್ತದೆ. ಇದು ಕಂಡಿತೆಂದರೆ ಟರ್ಮ್ ಎಲ್ಲೋ ಎಕ್ಸ್‌ಟರ್ಮ್ ಆಗಿದೆ ಎಂಬುದಕ್ಕೆ ಬಲವಾದ ಸಾಕ್ಷಿ. ಮೊದಲು ಹೇಳಿದಂತೆ ಅದನ್ನು ಸರಿಪಡಿಸಿ. ಆ ಯಂತ್ರ ನಿಮ್ಮ ಕೈಯಲ್ಲಿಲ್ಲದಿದ್ದರೆ ಮಾತ್ರ ಇನಿಟ್ ಫೈಲ್‌ನಲ್ಲಿ ಈ ಫಿಲ್ಟರ್ ಹಾಕಿ:

(ಆಡ್-ಹುಕ್ 'ಕಾಮಿಂಟ್-ಪ್ರೀಔಟ್‌ಪುಟ್-ಫಿಲ್ಟರ್-ಫಂಕ್ಷನ್ಸ್
(ಲ್ಯಾಂಬ್ಡಾ (ಎಸ್) (ರಿಪ್ಲೇಸ್-ರೆಜೆಕ್ಸ್‌ಪ್-ಇನ್-ಸ್ಟ್ರಿಂಗ್ "\ಇ(ಬಿ" "" ಎಸ್)))

ಇಲ್ಲಿ ಬಿ ದೊಡ್ಡಕ್ಷರ, ಇ ಮತ್ತು ಎಸ್ ಸಣ್ಣಕ್ಷರ. ಇದರ ಮಿತಿಯೂ ಗೊತ್ತಿರಲಿ. ಔಟ್‌ಪುಟ್ ತುಂಡು ತುಂಡಾಗಿ ಬರುತ್ತದೆ. ಎಸ್ಕೇಪ್ ಒಂದು ತುಂಡಿನ ಕೊನೆಗೂ ‘(ಬಿ’ ಮುಂದಿನ ತುಂಡಿನ ಮೊದಲಿಗೂ ಬಿದ್ದರೆ ಫಿಲ್ಟರ್‌ಗೆ ಅದು ಕಾಣುವುದಿಲ್ಲ. ದೊಡ್ಡ ಔಟ್‌ಪುಟ್‌ನಲ್ಲಿ ಅಪರೂಪಕ್ಕೊಂದು ಸೋರಿದರೆ ಕಾರಣ ಇದೇ.

ಇನ್ನೊಂದು ಹಟಮಾರಿ ^[]0; ಎಂದು ಆರಂಭವಾಗಿ, ಬಳಕೆದಾರರ ಹೆಸರು, ಯಂತ್ರದ ಹೆಸರು, ಫೋಲ್ಡರ್ ಬಂದು ^ಜಿ ಎಂದು ಮುಗಿಯುತ್ತದೆ. ಇದು ಬಲ ಚೌಕಾವರಣದ್ದು, ಕಿಟಕಿಯ ಶೀರ್ಷಿಕೆ ಬದಲಿಸುವ ಅಪ್ಪಣೆ. ಕೊನೆಯ ^ಜಿ ಗಂಟೆಯ ಅಕ್ಷರ. ಮೂಲ ಪಿಎಸ್1 ಅಥವಾ ಪ್ರಾಂಪ್ಟ್_ಕಮ್ಯಾಂಡ್. ಮೇಲಿನ ಷರತ್ತು ಇದನ್ನು ನಿಲ್ಲಿಸುತ್ತದೆ. ಈಮ್ಯಾಕ್ಸ್ 28 ಮತ್ತು ನಂತರದ ಆವೃತ್ತಿಯಲ್ಲಿ ಇನ್ನೊಂದು ಸೊಗಸಾದ ದಾರಿಯಿದೆ: ಕಾಮಿಂಟ್-ಔಟ್‌ಪುಟ್-ಫಿಲ್ಟರ್-ಫಂಕ್ಷನ್ಸ್ ಪಟ್ಟಿಗೆ ಕಾಮಿಂಟ್-ಒಎಸ್‌ಸಿ-ಪ್ರೊಸೆಸ್-ಔಟ್‌ಪುಟ್ ಸೇರಿಸಿದರೆ ಈ ಜಾತಿಯ ಸಂಕೇತಗಳನ್ನು ಅದು ಅರ್ಥಮಾಡಿಕೊಳ್ಳುತ್ತದೆ. ಶೆಲ್ ತಾನಿರುವ ಫೋಲ್ಡರನ್ನು 7ನೇ ಸಂಖ್ಯೆಯ ಸಂಕೇತದಲ್ಲಿ ತಿಳಿಸಿದರೆ ಬಫರ್‌ನ ಫೋಲ್ಡರ್ ಕೂಡ ಅದರ ಜೊತೆಗೇ ಬದಲಾಗುತ್ತದೆ, 8ನೇ ಸಂಖ್ಯೆಯವು ಒತ್ತಬಹುದಾದ ಕೊಂಡಿಗಳಾಗುತ್ತವೆ.

ಪ್ರಾಂಪ್ಟ್‌ನಲ್ಲಿ \[\ಇ[32ಎಮ್\] ಎಂದು ಹಿಂಗೀಟು ಸಮೇತ ಕಾಣುತ್ತಿದ್ದರೆ ಅದು ಬೇರೆ ರೋಗ. ಬ್ಯಾಶ್‌ಗೆಂದು ಬರೆದ ಪಿಎಸ್1 ಎಕ್ಸ್‌ಪೋರ್ಟ್ ಆಗಿ, ಆ ಬರವಣಿಗೆ ಅರಿಯದ ಡ್ಯಾಶ್‌ನಂಥ ಶೆಲ್‌ಗೆ ಹೋಗಿದೆ. ಪಿಎಸ್1 ಮುಂದಿನ ಎಕ್ಸ್‌ಪೋರ್ಟ್ ಪದ ತೆಗೆದರೆ ಸರಿಹೋಗುತ್ತದೆ.

ಬದಲಾವಣೆ ಮಾಡಿದ ಮೇಲೆ ಹಳೆಯ ಶೆಲ್ ಬಫರ್‌ನಲ್ಲಿ ಪರೀಕ್ಷಿಸಬೇಡಿ. ಅದು ಹಳೆಯ ಪರಿಸರದಲ್ಲೇ ಓಡುತ್ತಿರುತ್ತದೆ. ಕಂಟ್ರೋಲ್-ಯು ಒತ್ತಿ ನಂತರ ಮೆಟಾ-ಎಕ್ಸ್ ಶೆಲ್ ಕೊಟ್ಟರೆ ಹೊಸ ಬಫರ್‌ನ ಹೆಸರು ಕೇಳುತ್ತದೆ.

ಸಾಲಿನ ತುದಿಯ ^ಎಮ್

ಸಂಖ್ಯೆ 13, ಕ್ಯಾರಿಯೇಜ್ ರಿಟರ್ನ್. ಯೂನಿಕ್ಸ್ ಸಾಲನ್ನು 10ರಿಂದ ಮುಗಿಸುತ್ತದೆ, ವಿಂಡೋಸ್ 13 ಮತ್ತು 10 ಎರಡರಿಂದ. ಪ್ರತಿ ಸಾಲಿನ ಕೊನೆಗೂ ಒಂದೊಂದು ಕಂಡರೆ ಈಮ್ಯಾಕ್ಸ್ ಆ ಪ್ರೋಗ್ರಾಂನ ಪಠ್ಯವನ್ನು ಯೂನಿಕ್ಸ್ ರೀತಿಯಲ್ಲಿ ಓದುತ್ತಿದೆ ಎಂದರ್ಥ. ಕಂಟ್ರೋಲ್-ಎಕ್ಸ್, ಎಂಟರ್, ಪಿ ಒತ್ತಿ. ಮೊದಲ ಪ್ರಶ್ನೆ ಬರುವ ಪಠ್ಯದ್ದು, ಅದಕ್ಕೆ ಯುಟಿಎಫ್-8-ಡಾಸ್ ಕೊಡಿ. ಎರಡನೆಯದು ನೀವು ಕಳಿಸುವ ಪಠ್ಯದ್ದು, ಅದಕ್ಕೆ ಯುಟಿಎಫ್-8-ಯೂನಿಕ್ಸ್ ಕೊಡಿ. ಎರಡಕ್ಕೂ ಡಾಸ್ ಕೊಟ್ಟರೆ ನೀವು ಟೈಪ್ ಮಾಡಿದ ಕಮ್ಯಾಂಡ್‌ನ ಬಾಲಕ್ಕೂ 13 ಅಂಟಿ, ಇರುವ ಕಮ್ಯಾಂಡೇ ಸಿಗಲಿಲ್ಲ ಎಂದು ಶೆಲ್ ಹೇಳುವ ಅಪಾಯವಿದೆ. ಈಗಾಗಲೇ ಬಂದಿರುವ ಪಠ್ಯವನ್ನು ಈ ಬದಲಾವಣೆ ಮುಟ್ಟದು. ಅದಕ್ಕೆ ಮೆಟಾ-ಎಕ್ಸ್ ಕಾಮಿಂಟ್-ಸ್ಟ್ರಿಪ್-ಕಂಟ್ರೋಲ್-ಎಮ್ ಇದೆ, ಇಲ್ಲಿ ಕಂಟ್ರೋಲ್ ಎಂಬುದನ್ನು ಸಿಟಿಆರ್‌ಎಲ್ ಎಂದು ಚಿಕ್ಕದಾಗಿ ಬರೆಯಬೇಕು.

ಪ್ರಗತಿ ತೋರಿಸುವ ಪಟ್ಟಿಗಳು ಕೂಡ 13ನ್ನೇ ಬಳಸುತ್ತವೆ: ಸಾಲಿನ ಮೊದಲಿಗೆ ಹೋಗಿ ಅದರ ಮೇಲೆಯೇ ಮತ್ತೆ ಬರೆಯುತ್ತವೆ. ಕಾಮಿಂಟ್ ಇದನ್ನು ಸರಿಯಾಗಿ ನಿಭಾಯಿಸುತ್ತದೆ. ನಿಭಾಯಿಸದೆ ^ಎಮ್ ಸಾಲು ಬೆಳೆಯುತ್ತಿದ್ದರೆ ಕಾಮಿಂಟ್-ಇನ್‌ಹಿಬಿಟ್-ಕ್ಯಾರಿಯೇಜ್-ಮೋಷನ್ ವೇರಿಯಬಲ್ ನಿಲ್ ಇದೆಯೇ ನೋಡಿ. ಹಲವು ಸಾಲುಗಳನ್ನು ಒಟ್ಟಿಗೆ ನವೀಕರಿಸುವ ಪ್ರೋಗ್ರಾಂಗಳು ಕರ್ಸರನ್ನು ಮೇಲಕ್ಕೆ ಒಯ್ಯುವ ಸಂಕೇತ ಬಳಸುತ್ತವೆ. ಅದನ್ನು ಈಮ್ಯಾಕ್ಸ್ ಕಿತ್ತುಹಾಕುತ್ತದೆಯೇ ಹೊರತು ಪಾಲಿಸುವುದಿಲ್ಲ, ಹಾಗಾಗಿ ಅದೇ ಸಾಲುಗಳು ನೂರಾರು ಸಲ ರಾಶಿ ಬೀಳುತ್ತವೆ. ಅಂಥ ಪ್ರೋಗ್ರಾಂಗೆ ಪ್ರಗತಿ ತೋರಿಸಬೇಡ ಎಂಬ ಆಯ್ಕೆ ಇದ್ದರೆ ಅದನ್ನು ಕೊಡುವುದೇ ದಾರಿ. ನೋ_ಕಲರ್ ಎಂಬ ವೇರಿಯಬಲ್ಲನ್ನು 1 ಮಾಡಿದರೆ ಬಣ್ಣ ನಿಲ್ಲಿಸುವ ಪ್ರೋಗ್ರಾಂಗಳೂ ಬಹಳ ಇವೆ.

ನೀವು ಟೈಪ್ ಮಾಡಿದ ಸಾಲು ಎರಡೆರಡು ಸಲ ಕಂಡರೆ ಒಳಗಿನ ಪ್ರೋಗ್ರಾಂ ಅದನ್ನು ಪ್ರತಿಧ್ವನಿಸುತ್ತಿದೆ. ಕಾಮಿಂಟ್-ಪ್ರೊಸೆಸ್-ಎಕೋಸ್ ಅನ್ನು ಆ ಬಫರ್‌ಗೆ ಮಾತ್ರ ಟಿ (‘ಹೌದು’ ಎಂಬ ಬೆಲೆ) ಮಾಡಿ. ಎಲ್ಲ ಬಫರ್‌ಗೂ ಮಾಡಿದರೆ, ಪ್ರತಿಧ್ವನಿಸದ ಪ್ರೋಗ್ರಾಂಗಳ ಮುಂದೆ ಈಮ್ಯಾಕ್ಸ್ ಬಾರದ ಪ್ರತಿಧ್ವನಿಗಾಗಿ ಕಾಯುತ್ತದೆ.

ಪ್ರತಿ ಎರಡು ಅಕ್ಷರದ ನಡುವೆ ^@ ಬಂದರೆ ಆ ಪ್ರೋಗ್ರಾಂ ಯುಟಿಎಫ್-16ರಲ್ಲಿ ಬರೆಯುತ್ತಿದೆ. ವಿಂಡೋಸ್‌ನ ಕೆಲವು ಉಪಕರಣಗಳ ಪದ್ಧತಿ ಇದು. ಅದೇ ಕೀಲಿಗಳಿಂದ ಬರುವ ಪಠ್ಯಕ್ಕೆ ಯುಟಿಎಫ್-16-ಎಲ್ಇ ಕೊಟ್ಟು ಓದಿ, ಕೆಲಸ ಮುಗಿದ ಮೇಲೆ ಹಿಂದಿನದಕ್ಕೆ ಮರಳಿ.

ಕನ್ನಡ ಅಂಕಿಯಾದಾಗ

ಕನ್ನಡದಲ್ಲಿ ಫೈಲ್‌ಗೆ ಹೆಸರಿಡುವವರಿಗೆ ಇದು ಎಲ್ಲಕ್ಕಿಂತ ಹೆಚ್ಚು ಬೇಸರ ತರುವ ತೊಂದರೆ, ಆದ್ದರಿಂದ ನಿಧಾನವಾಗಿ ನೋಡೋಣ. ಯೂನಿಕೋಡ್‌ನಲ್ಲಿ ಕನ್ನಡದ ಅಂಕಣ 3200ರಿಂದ 3327ರವರೆಗೆ. ಯುಟಿಎಫ್-8ರಲ್ಲಿ ಇವುಗಳಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್. ಅಷ್ಟಮಾನದಲ್ಲಿ ಮೊದಲನೆಯದು ಯಾವಾಗಲೂ 340, ಎರಡನೆಯದು 262 ಅಥವಾ 263. ‘ಕ’ ಅಕ್ಷರ 340, 262, 225. ಹಾಗಾಗಿ \340\262 ಎಂಬ ಆರಂಭ ಮತ್ತೆ ಮತ್ತೆ ಕಂಡರೆ ನಿಮ್ಮ ಕನ್ನಡ ಹಾಳಾಗಿಲ್ಲ, ಬೈಟ್‌ಗಳು ಸುರಕ್ಷಿತವಾಗಿವೆ, ಓದುವ ರೀತಿ ಮಾತ್ರ ತಪ್ಪಿದೆ ಎಂದು ನಿಶ್ಚಿಂತೆಯಿಂದಿರಿ.

ಕರ್ಸರ್ ಪರೀಕ್ಷೆಯಲ್ಲಿ \340 ಒಂದೇ ನೆಗೆತವಾದರೆ ಈಮ್ಯಾಕ್ಸ್ ತಪ್ಪು ಎನ್‌ಕೋಡಿಂಗ್‌ನಲ್ಲಿ (ಬೈಟ್‌ಗಳನ್ನು ಅಕ್ಷರವಾಗಿಸುವ ರೀತಿ) ಓದುತ್ತಿದೆ. ಇನಿಟ್ ಫೈಲ್‌ನಲ್ಲಿ (ಪ್ರಿಫರ್-ಕೋಡಿಂಗ್-ಸಿಸ್ಟಮ್ 'ಯುಟಿಎಫ್-8) ಇರಲಿ. ಈಗಿನ ಬಫರ್‌ಗೆ ಕಂಟ್ರೋಲ್-ಎಕ್ಸ್, ಎಂಟರ್, ಪಿ ಒತ್ತಿ ಎರಡು ಪ್ರಶ್ನೆಗೂ ಯುಟಿಎಫ್-8 ಕೊಡಿ. ಅಂಕಿಯ ಬದಲು ತಲೆಯ ಮೇಲೆ ಗೀಟಿರುವ ಸಣ್ಣ ಎ, ಅದರ ಪಕ್ಕ ಮೇಲಕ್ಕೇರಿದ 2 ಅಥವಾ 3 ಎಂಬ ಜೋಡಿ ಪದೇ ಪದೇ ಕಂಡರೂ ಇದೇ ಮದ್ದು. ಮೂರು ಬೈಟ್‌ಗಳನ್ನು ಲ್ಯಾಟಿನ್-1ರ ಬಿಡಿ ಅಕ್ಷರಗಳೆಂದು ಓದಿದಾಗ ಕನ್ನಡ ಹೀಗೆ ಕಾಣುತ್ತದೆ.

\340 ದಾಟಲು ನಾಲ್ಕು ನೆಗೆತ ಬೇಕಾದರೆ ಪ್ರೋಗ್ರಾಂ ಕಡೆ ನೋಡಿ. ಗಿಟ್‌ನಲ್ಲಿ ಬದಲಾದ ಫೈಲ್‌ಗಳ ಪಟ್ಟಿ ಕೇಳಿದಾಗ ಕನ್ನಡ ಹೆಸರು ಉದ್ಧರಣ ಚಿಹ್ನೆಯೊಳಗೆ ಅಂಕಿಗಳಾಗಿ ಬರುತ್ತದೆ; ಇದು ಗಿಟ್‌ನ ಮೂಲ ಸೆಟ್ಟಿಂಗ್. ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್ ಎಂದು ಒಮ್ಮೆ ಕೊಟ್ಟರೆ ಅಂದಿನಿಂದ ಕನ್ನಡ ಕನ್ನಡವಾಗಿಯೇ ಬರುತ್ತದೆ. ಫೈಲ್ ಪಟ್ಟಿ ಮಾಡುವ ಎಲ್‌ಎಸ್ ಕಮ್ಯಾಂಡ್ ಪ್ರಶ್ನಾರ್ಥಕ ಚಿಹ್ನೆಗಳನ್ನೋ $'\340...' ಎಂಬ ರೂಪವನ್ನೋ ತೋರಿಸಿದರೆ ಶೆಲ್‌ನ ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರಗಳ ಸೆಟ್ಟಿಂಗ್, ಸಿ ಎಂದಿದೆ. ಲೊಕೇಲ್ ಎಂಬ ಕಮ್ಯಾಂಡ್ ಓಡಿಸಿ ಎಲ್‌ಸಿ_ಸಿಟೈಪ್ ಸಾಲು ನೋಡಿ. ಅದರ ಕೊನೆಯಲ್ಲಿ ಯುಟಿಎಫ್-8 ಇರಬೇಕು. ಟರ್ಮಿನಲ್‌ನಲ್ಲಿ ಎಲ್ಲ ಸರಿ, ಈಮ್ಯಾಕ್ಸ್‌ನಲ್ಲಿ ಮಾತ್ರ ಹೀಗೆ ಎಂದರೆ, ಈಮ್ಯಾಕ್ಸನ್ನು ಐಕಾನ್ ಒತ್ತಿ ತೆರೆದಿರುತ್ತೀರಿ. ಆಗ ಶೆಲ್‌ನ ಪ್ರೊಫೈಲ್ ಫೈಲ್‌ನಲ್ಲಿಟ್ಟ ಲ್ಯಾಂಗ್ ವೇರಿಯಬಲ್ ಅದಕ್ಕೆ ತಲುಪದೇ ಹೋಗಬಹುದು. ಇನಿಟ್ ಫೈಲ್‌ನಲ್ಲಿ ಸೆಟ್‌ಎನ್ವ್ ಬಳಸಿ, ಲೊಕೇಲ್ -ಎ ಕೊಡುವ ಪಟ್ಟಿಯಲ್ಲಿರುವ ಒಂದು ಯುಟಿಎಫ್-8 ಹೆಸರನ್ನು ಲ್ಯಾಂಗ್‌ಗೆ ಕೊಡಿ. ಪಟ್ಟಿಯಲ್ಲಿಲ್ಲದ ಹೆಸರು ಕೊಟ್ಟರೆ ಪ್ರೋಗ್ರಾಂಗಳು ಮತ್ತೆ ಸಿ ಲೊಕೇಲ್‌ಗೇ ಮರಳುತ್ತವೆ.

ಅಂಕಿಯೂ ಅಲ್ಲ, ಗೀಟಿನ ಅಕ್ಷರವೂ ಅಲ್ಲ, ಒಳಗೆ ಸಣ್ಣ ಅಂಕಿ ಬರೆದ ಚೌಕ ಕಂಡರೆ ಎನ್‌ಕೋಡಿಂಗ್ ಸರಿಯಿದೆ, ಫಾಂಟ್ ಇಲ್ಲ. ಒಂದು ಕನ್ನಡ ಫಾಂಟ್ ಸ್ಥಾಪಿಸಿ (ಸೆಟ್-ಫಾಂಟ್‌ಸೆಟ್-ಫಾಂಟ್ ಟಿ 'ಕನ್ನಡ "ನೋಟೋ ಸ್ಯಾನ್ಸ್ ಕನ್ನಡ") ಎಂದು ಸೇರಿಸಿ. ಪ್ರಾಂಪ್ಟ್‌ನ ಬಾಣ, ಕೊಂಬೆಯ ಚಿತ್ರಗಳ ಜಾಗದಲ್ಲಿ ಚೌಕ ಬಂದರೆ ಅವು ಯೂನಿಕೋಡ್‌ನ ಖಾಸಗಿ ವಲಯದ ಸಂಖ್ಯೆಗಳು, ವಿಶೇಷ ಫಾಂಟ್ ಇಲ್ಲದೆ ಕಾಣುವುದಿಲ್ಲ. ಸರಳ ಪ್ರಾಂಪ್ಟ್ ಇಟ್ಟರೆ ಆ ಪ್ರಶ್ನೆಯೇ ಏಳದು.

ಅಂಟಿಸಿದ ಪಠ್ಯದ ಕಾಣದ ಅಕ್ಷರಗಳು

ಬೇರೆಡೆಯಿಂದ ನಕಲಿಸಿ ಅಂಟಿಸಿದ ಕಮ್ಯಾಂಡ್ ಕಣ್ಣಿಗೆ ಸರಿಯಾಗಿದ್ದೂ ‘ಸಿಗಲಿಲ್ಲ’ ಎಂದು ಬಂದರೆ ಒಡೆಯದ ಖಾಲಿ ಜಾಗವನ್ನು, ಸಂಖ್ಯೆ 160, ಅನುಮಾನಿಸಿ. ಈಮ್ಯಾಕ್ಸ್ ಅದನ್ನು ಬೇರೆ ಬಣ್ಣ ಅಥವಾ ಅಡಿಗೆರೆಯಿಂದ ತೋರಿಸುತ್ತದೆ. ಬದಲಿಸಲು ಮೆಟಾ-% ಒತ್ತಿ, ಹುಡುಕುವ ಕಡೆ ಕಂಟ್ರೋಲ್-ಎಕ್ಸ್, 8, ಸ್ಪೇಸ್ ಒತ್ತಿದರೆ ಅದೇ ಅಕ್ಷರ ಬರುತ್ತದೆ. ಬದಲಿಗೆ ಸಾಮಾನ್ಯ ಸ್ಪೇಸ್ ಕೊಡಿ. ಬಾಗಿದ ಉದ್ಧರಣ ಚಿಹ್ನೆಗಳನ್ನೂ ನೋಡಿ, ಶೆಲ್‌ಗೆ ಅವು ಉದ್ಧರಣವೇ ಅಲ್ಲ.

ಅಗಲವಿಲ್ಲದ ಅಕ್ಷರಗಳನ್ನು ಕಾಣಿಸಲು ಈಮ್ಯಾಕ್ಸ್ 29ರಲ್ಲಿ ಗ್ಲಿಫ್‌ಲೆಸ್-ಡಿಸ್‌ಪ್ಲೇ-ಮೋಡ್ ಬಂದಿದೆ. ಆದರೆ ಇಲ್ಲಿ ಒಂದು ವಿನಂತಿ. 8204 ಮತ್ತು 8205 ಸಂಖ್ಯೆಯ ಅಕ್ಷರಗಳು ಕಮ್ಯಾಂಡ್‌ನೊಳಗೆ ಕಂಡರೆ ತೆಗೆಯಿರಿ, ಕನ್ನಡ ಪಠ್ಯದಲ್ಲಿ ಕಂಡರೆ ಮುಟ್ಟಬೇಡಿ. ಅರ್ಧಾಕ್ಷರವನ್ನು ಒತ್ತಾಗಿಸದೆ ಬಿಡಿಯಾಗಿ ತೋರಿಸಲು, ರಕಾರವನ್ನು ಅರ್ಕಾವೊತ್ತಾಗದಂತೆ ಇಡಲು ಕನ್ನಡಕ್ಕೆ ಅವು ಬೇಕು. ‘ಬೇಡದ ಅಕ್ಷರ’ ಎಂದು ಇಡೀ ಫೈಲ್‌ನಿಂದ ಅವನ್ನು ಒರೆಸುವ ಸ್ಕ್ರಿಪ್ಟ್‌ಗಳು ಕನ್ನಡದ ಕಾಗುಣಿತವನ್ನೇ ಕೆಡಿಸುತ್ತವೆ.

ಶೆಲ್‌ನ ಹೊರಗೆ: ಕಂಪೈಲ್ ಬಫರ್, ಲಾಗ್ ಫೈಲ್

ಮೆಟಾ-ಎಕ್ಸ್ ಕಂಪೈಲ್‌ನ ಉತ್ತರ ಬರುವ ಕಂಪೈಲ್ ಬಫರ್‌ಗೆ ಬಣ್ಣದ ಫಿಲ್ಟರ್ ತಾನಾಗಿ ಬರುವುದಿಲ್ಲ. ಈಮ್ಯಾಕ್ಸ್ 28ರಿಂದ ಕಂಪೈಲೇಶನ್-ಫಿಲ್ಟರ್-ಹುಕ್‌ಗೆ ಆನ್ಸಿ-ಕಲರ್-ಕಂಪೈಲೇಶನ್-ಫಿಲ್ಟರ್ ಸೇರಿಸಿದರೆ ಸಾಕು. ಸಂಕೇತ ಸಮೇತ ಉಳಿಸಿದ ಲಾಗ್ ಫೈಲ್ ಓದಲು ಮೆಟಾ-: ಒತ್ತಿ (ಆನ್ಸಿ-ಕಲರ್-ಅಪ್ಲೈ-ಆನ್-ರೀಜನ್ (ಪಾಯಿಂಟ್-ಮಿನ್) (ಪಾಯಿಂಟ್-ಮ್ಯಾಕ್ಸ್)) ಕೊಡಿ. ಇದು ಸಂಕೇತಗಳನ್ನು ಬಫರ್‌ನಿಂದ ನಿಜವಾಗಿಯೇ ಅಳಿಸುತ್ತದೆ. ಮೂಲ ಲಾಗ್ ಬೇಕಿದ್ದರೆ ಉಳಿಸದೆ ಮುಚ್ಚಿ. ಕೈಯಿಂದಲೇ ಹುಡುಕಿ ಬದಲಿಸುವಾಗ ಎಸ್ಕೇಪ್ ಅಕ್ಷರ ಟೈಪ್ ಮಾಡಲು ಕಂಟ್ರೋಲ್-ಕ್ಯೂ ಒತ್ತಿ ನಂತರ ಎಸ್ಕೇಪ್ ಕೀಲಿ. ^ಎಮ್‌ಗೆ ಕಂಟ್ರೋಲ್-ಕ್ಯೂ ನಂತರ ಕಂಟ್ರೋಲ್-ಎಮ್.

ದೂರದ ಯಂತ್ರ, ಪೂರ್ಣಪರದೆಯ ಪ್ರೋಗ್ರಾಂ

ಶೆಲ್ ಬಫರ್‌ನಿಂದ ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಹೋದಾಗ ಟರ್ಮ್ ಬೆಲೆ ಜೊತೆಗೆ ಹೋಗುತ್ತದೆ. ಈಮ್ಯಾಕ್ಸ್ ತಾನಿರುವುದನ್ನು ಸೂಚಿಸಲು ಇಡುವ ಇನ್‌ಸೈಡ್_ಈಮ್ಯಾಕ್ಸ್ ಎಂಬ ವೇರಿಯಬಲ್ ಸಾಮಾನ್ಯವಾಗಿ ಹೋಗುವುದಿಲ್ಲ. ಆದ್ದರಿಂದ ಆ ಕಡೆಯ ಆರ್‌ಸಿ ಫೈಲ್‌ನಲ್ಲೂ ಟರ್ಮ್ ನೋಡುವ ಷರತ್ತನ್ನೇ ಬರೆಯಬೇಕು. ಅಲ್ಲಿಯ ಪ್ರಾಂಪ್ಟ್ ಸುತ್ತ ^[[?2004ಎಚ್ ಎಂದು ಉಳಿದರೆ ಅದು ಅಂಟಿಸಿದ ಪಠ್ಯ ಗುರುತಿಸುವ ವ್ಯವಸ್ಥೆ, ಬ್ಯಾಶ್ 5.1ರಿಂದ ಅದು ಮೊದಲೇ ಚಾಲೂ ಇರುತ್ತದೆ. ಆ ಯಂತ್ರದ .ಇನ್‌ಪುಟ್‌ಆರ್‌ಸಿ ಫೈಲ್‌ನಲ್ಲಿ ಸೆಟ್ ಎನೇಬಲ್-ಬ್ರ್ಯಾಕೆಟೆಡ್-ಪೇಸ್ಟ್ ಆಫ್ ಎಂಬ ಸಾಲನ್ನು $ಇಫ್ ಟರ್ಮ್=ಡಂಬ್ ಮತ್ತು $ಎಂಡಿಫ್ ನಡುವೆ ಇಟ್ಟರೆ, ನಿಜವಾದ ಟರ್ಮಿನಲ್‌ನಲ್ಲಿ ಆ ಅನುಕೂಲ ಹಾಗೆಯೇ ಉಳಿಯುತ್ತದೆ.

ಪರದೆಯನ್ನೆಲ್ಲ ಆಕ್ರಮಿಸಿಕೊಳ್ಳುವ ಟಾಪ್‌ನಂಥ ಪ್ರೋಗ್ರಾಂಗಳನ್ನು ಶೆಲ್ ಬಫರ್‌ನಲ್ಲಿ ಓಡಿಸಲು ಸೆಣಸಬೇಡಿ. ಅವುಗಳಿಗೆ ಮೆಟಾ-ಎಕ್ಸ್ ಆನ್ಸಿ-ಟರ್ಮ್ ಇದೆ, ಅದು ನಿಜವಾದ ಟರ್ಮಿನಲ್‌ನಂತೆ ಸಂಕೇತಗಳನ್ನು ಪಾಲಿಸುತ್ತದೆ. ಅದರ ಟರ್ಮ್ ಬೆಲೆ ಈಟರ್ಮ್-ಕಲರ್. ದೂರದ ಯಂತ್ರಕ್ಕೆ ಆ ಹೆಸರು ಗೊತ್ತಿಲ್ಲದಿದ್ದರೆ ‘ಅಪರಿಚಿತ ಟರ್ಮಿನಲ್’ ಎಂಬ ದೂರು ಬರುತ್ತದೆ. ಆಗ ನಿಮ್ಮ ಆನ್ಸಿ-ಟರ್ಮ್ ಬಫರ್‌ನಲ್ಲಿ ಇನ್ಫೋಸಿಎಂಪಿ ಕಮ್ಯಾಂಡ್‌ನ ಔಟ್‌ಪುಟ್ಟನ್ನು ಒಂದು ಫೈಲ್‌ಗೆ ಬರೆದು, ಅದನ್ನು ಆ ಯಂತ್ರಕ್ಕೆ ನಕಲಿಸಿ, ಅಲ್ಲಿ ಟಿಕ್ ಕಮ್ಯಾಂಡ್‌ಗೆ ಆ ಫೈಲ್‌ನ ಹೆಸರು ಕೊಡಿ. ವಿವರಣೆ ನಿಮ್ಮ ಹೋಮ್ ಫೋಲ್ಡರ್‌ನ .ಟರ್ಮಿನ್ಫೋ ಒಳಗೆ ಕೂರುತ್ತದೆ, ನಿರ್ವಾಹಕರ ಅನುಮತಿ ಬೇಕಾಗುವುದಿಲ್ಲ.